ರೇವಣಸಿದ್ದಪ್ಪನವರ ವಂಶವಾಹಿ

ಡಾಕ್ಟರ್ ಕುಸುಮಾ ಅವರ ಕೋಣೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ರೇವಣಸಿದ್ದಪ್ಪನವರು ಅದನ್ನು ತಮ್ಮ ಹಳೆಯ ಸಬ್‌ರಿಜಿಸ್ಟ್ರಾರ್ ಕಚೇರಿ ಮಾಡಿಕೊಂಡುಬಿಟ್ಟರು. ಕುರ್ಚಿಯನ್ನು ಮೇಜಿನ ತೀರ ಹತ್ತಿರಕ್ಕೆ ಎಳೆದುಕೊಂಡರು, ಎರಡೂ ಮೊಣಕೈ ಊರಿದರು, ಡಾಕ್ಟರ ಪೇಪರ್‌ವೇಯ್ಟನ್ನು ತಮ್ಮ ಕಡೆಗೆ ಸರಿಸಿಕೊಂಡರು. ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಎದುರಿಗೆ ಕೂತವರೆಲ್ಲ ಅವರ ಪಾಲಿಗೆ ಇನ್ನೂ ಅರ್ಜಿದಾರರೇ.

ಹಿಂದಿನ ಬೆಂಚಿನಲ್ಲಿ ಅಕ್ಕ ದಾಕ್ಷಾಯಣಿಯ ಪಕ್ಕ ಕೂತಿದ್ದ ಜಗದಾಂಬಾ ಭಾವನ ಬೆನ್ನನ್ನೇ ನೋಡುತ್ತಿದ್ದರು. ಅಕ್ಕನ ಮದುವೆಯಾದಾಗಿನಿಂದ ನೋಡುತ್ತಿರುವ ಬೆನ್ನು. ಇಸ್ತ್ರಿ ಮಾಡಿದ ಬಿಳಿ ಅಂಗಿಯೊಳಗೆ ಅದು ಯಾವಾಗಲೂ ನೆಟ್ಟಗಿರುತ್ತಿತ್ತು, ಒಳಗೇನೂ ಇಲ್ಲದ ಬೀರು ನೆಟ್ಟಗೆ ನಿಂತಿರುವ ಹಾಗೆ. ರಾಜಾಜಿನಗರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಆಕೆ ಯಾರನ್ನೂ ಗದರಿದವರಲ್ಲ. ಫೇಲಾದ ಹುಡುಗಿಯರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ ಬುದ್ಧಿ ಹೇಳುತ್ತಿದ್ದವರು. ತಿರಸ್ಕಾರ ಎಂಬುದನ್ನು ಆಕೆ ಭಾವನೊಬ್ಬನಿಗೇ ಎತ್ತಿಟ್ಟಿದ್ದರು. ಭಾವನೂ ಅದನ್ನು ಒಂದು ದಿನವೂ ಹಳಸಲು ಬಿಟ್ಟವರಲ್ಲ.

ಅವರೆಲ್ಲ ಬಂದಿದ್ದದ್ದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಬಸವಕಿರಣನಿಗಾಗಿ. ರೇವಣಸಿದ್ದಪ್ಪನವರ ಮಗ. ಇನ್ನೂ ನಲವತ್ತಾಗಿಲ್ಲ. ಮಳೆಗಾಲಕ್ಕೆ ಮುಂಚೆ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುತ್ತಾ ಕಣ್ಣು ಕತ್ತಲಿಟ್ಟು ಬಿದ್ದಿದ್ದ. ಕೆಳಗೆ ಸೇಬು ಮಾರುತ್ತಿದ್ದ ಹೆಂಗಸು ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣ್ಣಿನ ರಟ್ಟಿನಿಂದ ಗಾಳಿ ಹಾಕಿದ್ದಳಂತೆ. ಆಂಬುಲೆನ್ಸ್ ಬರುವವರೆಗೂ ಕದಲಲಿಲ್ಲವಂತೆ. ಆಕೆಯನ್ನು ಹುಡುಕಿಕೊಂಡು ಹೋಗಿ ಕೈ ಹಿಡಿದು ಬಂದವರು ಜಗದಾಂಬಾ. ರೇವಣಸಿದ್ದಪ್ಪನವರು ಮಗನ ಪರ್ಸಿನಲ್ಲಿ ಎಲ್ಲ ಸರಿಯಾಗಿದೆಯೇ ಎಂದು ನೋಡಿದ್ದರು.

ಪರೀಕ್ಷೆಗಳಲ್ಲಿ ತಿಳಿದದ್ದಿಷ್ಟು: ಕಿರಣನ ಹೃದಯ ಹಿಗ್ಗಿ ಅಗಲವಾಗಿತ್ತು, ಗೋಡೆ ಸೋತಿತ್ತು, ರಕ್ತವನ್ನು ಹೊರಕ್ಕೆ ತಳ್ಳುವ ಕಸುವು ಅರ್ಧಕ್ಕಿಂತ ಕಡಿಮೆಯಾಗಿತ್ತು. ಔಷಧಿ ಶುರುವಾಗಿತ್ತು. ಈ ವಯಸ್ಸಿಗೆ ಹೀಗೇಕೆ ಎಂದು ತಿಳಿಯಲು ಅವನ ರಕ್ತವನ್ನೂ ತಾಯಿಯ ರಕ್ತವನ್ನೂ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದ್ದರು. ತಂದೆ ಕೊಟ್ಟಿರಲಿಲ್ಲ. "ನಮ್ಮಪ್ಪ ತೊಂಬತ್ತರವರೆಗೂ ತೋಟಕ್ಕೆ ನಡ್ಕೊಂಡು ಹೋಗ್ತಿದ್ರು. ನಮ್ಮ ರಕ್ತದಲ್ಲಿ ನೋಡೋಕೆ ಏನಿದೆ?" ಎಂದಿದ್ದರು.

"ನಮ್ಮ ಒಂದೊಂದು ಜೀವಕೋಶದಲ್ಲೂ ಸಾವಿರಾರು ಜೀನ್ ಇರ್ತವೆ ಸಾರ್," ಎಂದು ಡಾಕ್ಟರ್ ಕುಸುಮಾ ಶುರುಮಾಡಿದರು. "ಎಲ್ಲಾ ಯಾವಾಗ್ಲೂ ಕೆಲಸ ಮಾಡ್ತಿರಬಾರ್ದು. ಯಾವುದು ಸುಮ್ನಿರಬೇಕೋ ಅದರ ಮೇಲೆ ಹೋಗಿ ಕೂತು ಅದನ್ನ ಸುಮ್ನಿರಿಸೋಕೆ ಅಂತಾನೇ ಕೆಲವು ಪ್ರೋಟೀನ್ ಇವೆ. ನಿಮ್ಮ ಮಗನಲ್ಲಿ ಅಂಥದೊಂದು ಪ್ರೋಟೀನ್ ಸಾಕಷ್ಟು ತಯಾರಾಗ್ತಿಲ್ಲ."

"ಪ್ರೋಟೀನ್ ಕಮ್ಮಿ ಅಂತೀರಾ?" ರೇವಣಸಿದ್ದಪ್ಪನವರು ತಟ್ಟನೆ ಹೆಂಡತಿಯ ಕಡೆ ತಿರುಗಿದರು. "ಏನೇ, ದಿನಾ ಬೇಳೆ ಹಾಕ್ತಿದ್ಯೋ ಇಲ್ವೋ? ಮೊಳಕೆ ಕಾಳು ಮಾಡು ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

ದಾಕ್ಷಾಯಣಿ ತಲೆ ತಗ್ಗಿಸಿದರು. ಡಾಕ್ಟರು ನಗಲಿಲ್ಲ. ಭಾವನನ್ನು ದಾಟಿ ನೇರವಾಗಿ ಅಕ್ಕನ ಮುಖ ನೋಡಿ, "ಇದು ಊಟದ ಪ್ರೋಟೀನ್ ಅಲ್ಲಮ್ಮ. ನಿಮ್ಮ ಅಡುಗೇಲಿ ಏನೂ ತಪ್ಪಿಲ್ಲ. ಹುಟ್ಟಿನಿಂದ ಬಂದಿದ್ದು," ಎಂದರು. ಎರಡು ತಿಂಗಳಿಂದ ಅಕ್ಕ ತನ್ನ ಒಗ್ಗರಣೆ, ಎಣ್ಣೆ, ಉಪ್ಪನ್ನೆಲ್ಲ ಶಂಕಿಸುತ್ತಾ ಬೇಯುತ್ತಿದ್ದದ್ದು ಈ ಹೆಣ್ಣುಮಗಳಿಗೆ ಹೇಗೆ ಗೊತ್ತಾಯಿತೋ! ಜಗದಾಂಬಾಗೆ ಎದ್ದು ಹೋಗಿ ಆಕೆಯ ತಲೆ ಸವರಬೇಕೆನಿಸಿತು.

ಡಾಕ್ಟರು ಮುಂದುವರಿಸಿದರು. ಮಗು ಹೊಟ್ಟೆಯಲ್ಲಿರುವಾಗ ಹೃದಯದ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಹುಟ್ಟಿದ ಮೇಲೆ ಆ ವಿಭಜನೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ವಿಭಜನೆಗೆ ಬೇಕಾದ ಜೀನ್‌ಗಳ ಬಾಯಿ ಮುಚ್ಚಿಸಬೇಕಾದ್ದು ಇಂಥ ಪ್ರೋಟೀನಿನ ಕೆಲಸ. ಅದು ಸರಿಯಾಗಿ ಮುಚ್ಚದಿದ್ದರೆ ಕೋಶ ಒಡೆಯಲು ಹೊರಡುತ್ತದೆ, ಒಡೆಯಲಾರದೆ ನಡುವೆ ನಿಲ್ಲುತ್ತದೆ, ದಣಿಯುತ್ತದೆ. ಹಾಗೆ ದಣಿದ ಕೋಶಗಳು ವರ್ಷ ಕಳೆದಂತೆ ಹೆಚ್ಚುತ್ತವೆ. "ಈಗ ನಮಗೆ ಅರ್ಥ ಆಗಿರೋದು ಇಷ್ಟು. ಇನ್ನೂ ತಿಳ್ಕೊಳ್ತಾನೇ ಇದೀವಿ," ಎಂದರು.

"ಅಂದ್ರೆ ಏನೇ?" ಎಂದು ಅಕ್ಕ ಪಿಸುಗುಟ್ಟಿದರು.

"ನಮ್ಮ ಬೀದಿಗೆ ನೀರು ಬಿಡೋನು ವಾಲ್ವ್ ತಿರುಗಿಸಿ ನಿಲ್ಲಿಸ್ತಾನಲ್ಲ ಅಕ್ಕ, ಅವನು ಸರಿಯಾಗಿ ತಿರುಗಿಸದೆ ಹೋದ ಅಂದ್ಕೋ. ಸಂಪು ತುಂಬಿದ ಮೇಲೂ ನೀರು ಬರ್ತಾನೇ ಇರುತ್ತೆ. ಮನೆಗೆ ಉಪಯೋಗ ಇಲ್ಲ, ಗೋಡೆಗೆ ತೇವ."

ಅಕ್ಕನಿಗೆ ಅರ್ಥವಾಯಿತು. ಮುಂದೆ ಕೂತವರಿಗೆ ಅರ್ಥ ಮಾಡಿಕೊಳ್ಳುವ ಅಭ್ಯಾಸ ಇರಲಿಲ್ಲ.

"ತಾಯಿಯವರ ರಕ್ತದಲ್ಲಿ ಈ ದೋಷ ಇಲ್ಲ," ಎಂದರು ಡಾಕ್ಟರು. "ಹಾಗಾಗಿ ಬಹುಶಃ ನಿಮ್ಮ ಕಡೆಯಿಂದ ಬಂದಿರಬಹುದು ಸಾರ್. ಇದು ಯಾರಲ್ಲಿದ್ರೂ ಅವರ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಅಂತ ಇಲ್ಲ. ನಿಮಗೆ ಬೇರೆ ಮಕ್ಕಳಿದಾರಾ?"

"ಇಲ್ಲ. ಇವನೊಬ್ಬನೇ."

ಬೆಂಚಿನ ಮೇಲೆ ಮೂರು ತಲೆಗಳು ಒಟ್ಟಿಗೆ ಎದ್ದವು: ಅಕ್ಕನದು, ಕಿರಣನದು, ಜಗದಾಂಬಾರದು.

"ಭಾವ, ರಕ್ಷಾ?" ಎಂದರು ಜಗದಾಂಬಾ.

"ಅವಳನ್ನ ಕೊಟ್ಟಾಯ್ತಲ್ಲಮ್ಮ," ಎಂದರು ರೇವಣಸಿದ್ದಪ್ಪನವರು. ಮಾರಿದ ಸೈಟಿನ ಬಗ್ಗೆ ಯಾರೋ ವಿಚಾರಿಸಿದ್ದಾರೆ ಎಂಬ ಧಾಟಿ.

"ಕೊಟ್ರೂ ಮಗಳೇ ಅಲ್ವಾ ಸಾರ್," ಎಂದರು ಡಾಕ್ಟರು ಮೆಲ್ಲಗೆ. "ಎಲ್ಲಿದಾರೆ?"

"ಕೆಂಗೇರಿ ಉಪನಗರ. ಬಸುರಿ. ಏಳು ತುಂಬ್ತಾ ಇದೆ," ಜಗದಾಂಬಾ ಹೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಿದ್ರೆ ತಡ ಮಾಡಬೇಡಿ. ಬಸುರಿನಲ್ಲಿ ಹೃದಯಕ್ಕೆ ಕೆಲಸ ಜಾಸ್ತಿ. ಇದೇ ವಾರ ಒಂದು ಎಕೋ ಮಾಡಿಸ್ಲಿ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ತೀರಿಕೊಂಡಿದ್ರಾ?"

ರೇವಣಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡು ವಂಶವೃಕ್ಷ ಒಪ್ಪಿಸಿದರು. ಮುತ್ತಜ್ಜನಿಂದ ಹಿಡಿದು ಅಜ್ಜ, ಅಜ್ಜನ ತಮ್ಮಂದಿರು, ಅಪ್ಪ, ಚಿಕ್ಕಪ್ಪಂದಿರು, ತಾವು, ತಮ್ಮ ಇಬ್ಬರು ತಮ್ಮಂದಿರು. ಖಾತೆ ಬದಲಾವಣೆಗೆ ಶಾನುಭೋಗರ ಮುಂದೆ ಹೇಳುವ ಹಾಗೆ, ಒಂದು ಹೆಸರಿಗೂ ತಡವರಿಸದೆ ಹೇಳಿದರು. ಅಷ್ಟು ಜನ ಗಂಡಸರು ಯಾರ ಹೊಟ್ಟೆಯಲ್ಲೂ ಹುಟ್ಟದೆ ಒಬ್ಬರಿಂದೊಬ್ಬರು ಚಿಗುರಿದಂತಿತ್ತು. "ಹೋದವರೆಲ್ಲಾ ಎಂಬತ್ತು ದಾಟಿದವರು," ಎಂದು ಮುಗಿಸಿದರು.

ಹೊರಗೆ ಬಂದ ಮೇಲೆ ಜಗದಾಂಬಾ ಫೋನ್ ತೆಗೆದದ್ದನ್ನು ನೋಡಿ ಅವರು ಕೈ ಎತ್ತಿದರು. "ಮಗಳಿಗೆ ಹೇಳೋದು ತಂದೆ ಕೆಲಸ. ನಾನೇ ಹೇಳ್ತೀನಿ. ಕಪ್ಪೆ ಕೊಯ್ಯೋ ಮೇಡಂ ಇದರಲ್ಲಿ ಬರೋದು ಬೇಡ."

ಕಪ್ಪೆ ಕೊಯ್ಯೋ ಮೇಡಂ ಎನ್ನುವುದು ಭಾವ ಅವರಿಗೆ ಇಟ್ಟ ಹೆಸರು. ಅವರ ಇಡೀ ಹಾಸ್ಯ ಅಷ್ಟೇ. ಆ ಒಂದೇ ಹಾಸ್ಯದಲ್ಲಿ ಅವರು ಮೂರು ದಶಕ ಕಳೆದಿದ್ದರು.

ತಂದೆ ಹೇಳುತ್ತಾರೆಂದು ಜಗದಾಂಬಾ ಸುಮ್ಮನಿದ್ದರು. ವಾರ ಕಳೆಯಿತು. ಬಸವೇಶ್ವರನಗರದಲ್ಲಿ ಅಕ್ಕನ ಮನೆಗೂ ಅವರ ಮನೆಗೂ ನಡುವೆ ಮೂರು ಅಡ್ಡರಸ್ತೆ. ಒಂದು ಮಧ್ಯಾಹ್ನ ಕಿರಣನನ್ನು ನೋಡಲು ಹೋದಾಗ, ಭಾವ ಮಗನ ಹಾಸಿಗೆಯ ಅಂಚಿನಲ್ಲಿ ಕೂತು ಕಿತ್ತಳೆ ಬಿಡಿಸುತ್ತಿದ್ದರು. ಒಂದೊಂದು ತೊಳೆಯ ನಾರನ್ನೂ ಎಳೆದು, ಉಗುರಿನಿಂದ ಬೀಜ ತೆಗೆದು, ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಅಷ್ಟು ದಪ್ಪ ಬೆರಳುಗಳು ಅಷ್ಟು ನಾಜೂಕಾಗಿ ಆಡಬಲ್ಲವು ಎಂದು ಜಗದಾಂಬಾ ಎಣಿಸಿರಲಿಲ್ಲ. ಅವರಿಗೆ ಅದು ಹಿಡಿಸಲಿಲ್ಲ. ಒಬ್ಬರನ್ನು ನೆಮ್ಮದಿಯಾಗಿ ತಿರಸ್ಕರಿಸಬೇಕಾದರೆ ಇಂಥದನ್ನೆಲ್ಲ ನೋಡಬಾರದು.

ಅಡುಗೆಮನೆಯಲ್ಲಿ ಅಕ್ಕ ಹೆಸರುಕಾಳು ಆರಿಸುತ್ತಿದ್ದರು.

"ರಕ್ಷಾ ಏನಂದ್ಳು ಅಕ್ಕ? ಎಕೋ ಆಯ್ತಂತಾ?"

ಅಕ್ಕನ ಕೈ ನಿಂತಿತು. "ಇವರು ಹೇಳೇ ಇಲ್ಲ ಕಣೇ. ನನ್ನ ಹತ್ರಾನೂ ಆಣೆ ಹಾಕಿಸಿಕೊಂಡಿದಾರೆ. ಬೀಗರಿಗೆ ಗೊತ್ತಾದ್ರೆ ದೋಷ ಇರೋ ಹೆಣ್ಣು ಕೊಟ್ರು ಅಂತಾರಂತೆ." ಸ್ವಲ್ಪ ಹೊತ್ತು ಕಾಳನ್ನೇ ನೋಡಿದರು. "ಆಮೇಲೆ... ಹನುಮವ್ವನ ವಿಷಯ ಡಾಕ್ಟರಿಗೆ ಇವರು ಹೇಳ್ಲೇ ಇಲ್ವಲ್ಲ."

"ಯಾರು ಹನುಮವ್ವ?"

"ಇವರ ತಂಗಿ. ನಾನು ಈ ಮನೆಗೆ ಬರೋ ಮುಂಚಿನ ಮಾತು. ಅತ್ತೆ ಒಂದೇ ಒಂದು ಸಲ ನನ್ನ ಹತ್ರ ಹೇಳಿ ಅತ್ತಿದ್ರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ಳಂತೆ. ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತಿರೋಳಂತೆ. ಕಾಲು ಬಾತಿತ್ತಂತೆ. ಬಸುರೀಲಿ ಎಲ್ಲಾರಿಗೂ ಹಂಗೇ ಅಂತ ಸುಮ್ನಾದ್ರು. ಮಗು ಹುಟ್ಟಿ ವಾರಕ್ಕೆ ಹೋದ್ಳು. ಮಗೂನೂ ಉಳೀಲಿಲ್ಲ."

ಮುತ್ತಜ್ಜನ ತಮ್ಮನ ಹೆಸರು ನೆನಪಿದ್ದ ಮನುಷ್ಯ, ಒಡಹುಟ್ಟಿದ ತಂಗಿಯ ಹೆಸರನ್ನು ಡಾಕ್ಟರ ಮುಂದೆ ಹೇಳದೆ ಬಿಟ್ಟಿದ್ದ. ಮರೆತು ಬಿಟ್ಟಿದ್ದಲ್ಲ. ಕೊಟ್ಟ ಹೆಣ್ಣು ವಂಶವೃಕ್ಷದಲ್ಲಿ ಬರುವುದಿಲ್ಲ, ಅಷ್ಟೇ.

ಜಗದಾಂಬಾ ಹೊರಗಿನ ಕೋಣೆಗೆ ಹೋಗಿ, "ಭಾವ, ರಕ್ಷಾಗೆ ಯಾಕೆ ಹೇಳ್ಲಿಲ್ಲ?" ಎಂದರು.

ರೇವಣಸಿದ್ದಪ್ಪನವರು ಕಿತ್ತಳೆಯ ಕೈ ಒರೆಸಿಕೊಂಡರು. ಈ ಪ್ರಶ್ನೆಗೆ ಅವರು ತಯಾರಾಗಿದ್ದರು. ಟೀಪಾಯಿ ಕೆಳಗಿನಿಂದ ಹಳೆಯ ದಿನಪತ್ರಿಕೆಯ ಆರೋಗ್ಯ ಪುರವಣಿ ತೆಗೆದು ಅದರ ತಲೆಬರಹದ ಮೇಲೆ ಬೆರಳಿಟ್ಟರು.

"ಓದು. ಏನಂತ ಬರೆದಿದೆ? ವಂಶವಾಹಿ. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಹೇಳಿದಾರೆ ನೋಡು. ನೀವು ಜೀನು, ಪಾನು ಅಂತ ಒದರ್ತೀರಿ. ವಂಶವನ್ನ ಹೊತ್ತುಕೊಂಡು ಹೋಗೋದೇ ವಂಶವಾಹಿ. ವಂಶ ಯಾರ ಮೇಲೆ ಹೋಗುತ್ತೆ? ಮಗನ ಮೇಲೆ. ಧಾರೆ ಎರೆದು ಕೊಟ್ಟ ಮೇಲೆ ರಕ್ಷಾ ನಮ್ಮ ಬೀಗರು ದುಂಡಪ್ಪನವರ ವಂಶ. ನಮ್ಮ ವಂಶವಾಹಿ ಅವಳ ಹತ್ರ ಎಲ್ಲಿಂದ ಬರಬೇಕು?"

"ಮದುವೆ ದಿನ ಇಳಿಸಿ ಹೋದ್ಳಾ?"

"ನಗಬೇಡ. ಕಾನೂನೂ ಹಾಗೇ ಇದೆ. ಈ ಮನೆ ವಿಷಯದಲ್ಲಿ ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಾಳೆ. ನಾನೇ ಬರೆಸಿದ್ದು. ಪಿತ್ರಾರ್ಜಿತವಾಗಿ ಬರೋ ಯಾವುದರಲ್ಲೂ ಹಕ್ಕೂ ಇಲ್ಲ, ಬಾಧ್ಯತೆಯೂ ಇಲ್ಲ ಅಂತ."

ಜಗದಾಂಬಾ ಅವರ ಮುಖವನ್ನು ನೋಡಿದರು. ತಮಾಷೆ ಮಾಡುತ್ತಿರಲಿಲ್ಲ. ಸಮಾಜದ ಸಭೆಗಳಲ್ಲಿ ಶಾಲು ಹೊದೆಸಿಕೊಂಡು ಹೆಣ್ಣು ಗಂಡು ಸಮಾನ ಎಂದು ಮುಕ್ಕಾಲು ಗಂಟೆ ಮಾತಾಡುತ್ತಿದ್ದ ಅದೇ ಮುಖ.

"ಆ ಪತ್ರದಲ್ಲಿ ಹೃದಯಕ್ಕೆ ಚೆಕ್ಕುಬಂದಿ ಬರೆಸಿದ್ರಾ ಭಾವ? ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು?"

ಹಾಸಿಗೆಯ ಮೇಲೆ ಕಿರಣ ನಗು ತಡೆಯಲಾಗದೆ ಕೆಮ್ಮಿದ. ರೇವಣಸಿದ್ದಪ್ಪನವರು ಕೆಂಪಾದರು. "ಕಪ್ಪೆ ಕೊಯ್ದಷ್ಟು ಸುಲಭ ಅಲ್ಲಮ್ಮ ಸಂಸಾರ ಅಂದ್ರೆ. ದುಂಡಪ್ಪನವರು ಎಂಥ ಮನೆತನ ಗೊತ್ತಾ? ನಾಳೆ ಮಗೂಗೂ ಇದೆ ಅಂದ್ರೆ? ಯಾರೂ ಅವರ ಮನೆಗೆ ಹೋಗಬೇಕಾಗಿಲ್ಲ. ಇದು ನನ್ನ ಮಾತು."

"ಹನುಮವ್ವನ ವಿಷಯದಲ್ಲೂ ಹೀಗೇ ಯಾರೋ 'ಇದು ನನ್ನ ಮಾತು' ಅಂದಿದ್ರು ಅನ್ಸುತ್ತೆ," ಎಂದರು ಜಗದಾಂಬಾ.

ರೇವಣಸಿದ್ದಪ್ಪನವರು ಪುರವಣಿಯನ್ನು ಮಡಚಿ ಎದ್ದು ವರಾಂಡಕ್ಕೆ ಹೋದರು. ಅವರು ಆಚೆ ಹೋದ ಮೇಲೆ ಕಿರಣ ಚಿಕ್ಕಮ್ಮನ ಸೆರಗು ಹಿಡಿದ. "ರಕ್ಷಾಗೆ ಎರಡು ಸಲ ಫೋನ್ ಮಾಡಿದ್ದೆ ಚಿಕ್ಕಮ್ಮ. ಹೇಗಿದೀಯ ಅಂತ ಕೇಳಿ ಇಟ್ಟುಬಿಟ್ಟೆ. ಅಪ್ಪ ಪಕ್ಕದಲ್ಲೇ ಇದ್ರು." ಅವನ ಮೇಲೂ ಜಗದಾಂಬಾಗೆ ಸಿಟ್ಟು ಬಂತು. ಆದರೆ ಆ ಬಿಳಿಚಿದ ಮುಖ ನೋಡಿ ನುಂಗಿಕೊಂಡರು. "ನನ್ನ ರಿಪೋರ್ಟ್ ವಿಷಯ ಅವಳಿಗೆ ಹೇಳಿ. ನಾನು ಹೇಳು ಅಂದೆ ಅಂತ ಹೇಳಿ," ಎಂದ.

ಮರುದಿನ ಬೆಳಿಗ್ಗೆ ಜಗದಾಂಬಾ ಮೆಟ್ರೊ ಹತ್ತಿದರು. ಕೈಯಲ್ಲಿ ಚೀಲ ನೋಡಿ ಒಬ್ಬ ಕಾಲೇಜು ಹುಡುಗಿ ಕಿವಿಯ ವೈರು ಕಿತ್ತು "ಕೂತ್ಕೊಳ್ಳಿ ಅಜ್ಜಿ" ಎಂದು ಎದ್ದಳು. ಕೂತ ಮೇಲೆ ಚೀಲವನ್ನೂ ಕಾಲ ಬಳಿ ಸರಿಯಾಗಿ ಇಟ್ಟಳು. ಕೆಂಗೇರಿಯಲ್ಲಿ ಇಳಿದು ಹಿಡಿದ ಆಟೊ ಉಪನಗರದ ತುಂಬಿದ ಮರಗಳ ಅಡ್ಡರಸ್ತೆಗಳನ್ನು ಸುತ್ತಿ ದುಂಡಪ್ಪನವರ ಮನೆ ಮುಂದೆ ನಿಂತಿತು.

ರಕ್ಷಾ ಸೋಫಾದ ಮೇಲೆ ಎರಡು ದಿಂಬು ಬೆನ್ನಿಗಿಟ್ಟುಕೊಂಡು ಕೂತಿದ್ದಳು. ಚಿಕ್ಕಮ್ಮನನ್ನು ನೋಡಿ ಅವಳ ಮುಖ ಅರಳಿತು. ಎದ್ದು ಬರಲು ಹೋಗಿ, ನಾಲ್ಕು ಹೆಜ್ಜೆಗೆ ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು.

"ರಾತ್ರಿ ಹೇಗೆ ಮಲಗ್ತೀಯೇ?" ಜಗದಾಂಬಾ ಮೊದಲು ಕೇಳಿದ್ದೇ ಅದು.

"ಮಲಗೋದೆಲ್ಲಿ ಚಿಕ್ಕಮ್ಮ! ಇಲ್ಲೇ ಕೂತ್ಕೊಂಡೇ ನಿದ್ದೆ. ಎಲ್ಲಾರೂ ಏಳನೇ ತಿಂಗಳಲ್ಲಿ ಹಿಂಗೇ ಅಂತಾರೆ. ಮುಂದಿನ ವಾರ ಕುಬುಸ, ಅಷ್ಟೊತ್ತಿಗೆ ಸರಿ ಹೋಗ್ಬೇಕು ಅಂತ ಅತ್ತೆ ದಿನಾ ಕಷಾಯ ಮಾಡಿಕೊಡ್ತಾರೆ."

ಅವಳ ಅತ್ತೆ ಒಳಗಿನಿಂದ ನೀರು ತಂದುಕೊಟ್ಟರು. ಮಾವ ದುಂಡಪ್ಪನವರು ಗದಗಿನ ಕಡೆಯ ಕಾಳಿನ ವ್ಯಾಪಾರಿ, ದೊಡ್ಡ ದನಿಯ ಮನುಷ್ಯ. ಬಂದು ಎದುರಿಗೆ ಕೂತರು. ರಕ್ಷಾಳ ಗಂಡ ಗಿರಿರಾಜ್ ಕೆಲಸಕ್ಕೆ ಹೋಗಿದ್ದ. ಜಗದಾಂಬಾ ಸುತ್ತು ಬಳಸಲಿಲ್ಲ. ಕಿರಣನ ರೋಗ, ಜೀನ್ ಪರೀಕ್ಷೆ, ಡಾಕ್ಟರು ಹೇಳಿದ್ದು, ಕೊನೆಗೆ ಹನುಮವ್ವನ ಕಥೆ, ಎಲ್ಲವನ್ನೂ ತರಗತಿಯಲ್ಲಿ ಹೇಳುವಷ್ಟು ನಿಧಾನವಾಗಿ ರಕ್ಷಾಳ ಮುಖ ನೋಡಿಕೊಂಡೇ ಹೇಳಿದರು.

ರಕ್ಷಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ದುಂಡಪ್ಪನವರು ಎದ್ದುಬಿಟ್ಟರು. "ಏನ್ರೀ ಇದು? ಇಂಥಾದ್ದು ಇತ್ತಂದ್ರ ಮದಿವಿಗೆ ಮುಂಚೇನ ಹೇಳಬೇಕಿತ್ತಿಲ್ರೀ? ಕೊಟ್ಟು ಕೈ ತೊಳಕೊಂಡ್ರೇನು? ನಾಳೆ ಹುಟ್ಟೋ ಕೂಸಿಗೆ ಏನ್ ಗತಿ?" ಫೋನ್ ತೆಗೆದು ಬೀಗರಿಗೆ ಕರೆ ಮಾಡಿದರು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಬೀಗರ, ನಿಮ್ಮ ನಾದಿನಿಯಾರು ಬಂದಾರ. ಏನೇನೋ ಹೇಳಾಕತ್ತಾರ. ಖರೇ ಏನ್ರೀ ಇದು?"

ಆ ಕಡೆಯಿಂದ ರೇವಣಸಿದ್ದಪ್ಪನವರ ಸಭೆಯ ದನಿ ಹೊರಟಿತು. "ಅಯ್ಯೋ ಬೀಗರೇ, ಆಕೆ ಮಾತು ಯಾಕೆ ಕೇಳ್ತೀರಿ! ನಮ್ಮ ಹುಡುಗನಿಗೆ ಸ್ವಲ್ಪ ತೊಂದರೆ ಆಗಿರೋದು ನಿಜ. ಅದು ನಮ್ಮ ವಂಶವಾಹಿ. ನಮ್ಮ ವಂಶದಲ್ಲೇ ಉಳಿಯುತ್ತೆ. ರಕ್ಷಾ ಈಗ ನಮ್ಮವಳೇ ಅಲ್ಲವಲ್ಲ, ಪೂರ್ತಿ ನಿಮ್ಮವಳು. ನಿಮ್ಮ ವಂಶಕ್ಕೆ ಸೇರಿದ ಮೇಲೆ ನಮ್ಮದು ಅವಳಿಗೆ ಹೇಗೆ ಬರುತ್ತೆ? ನೀವೇ ಯೋಚನೆ ಮಾಡಿ."

ದುಂಡಪ್ಪನವರು ಯೋಚನೆ ಮಾಡಿದರು. ಅವರ ಹುಬ್ಬಿನ ಗಂಟು ಸಡಿಲವಾದದ್ದನ್ನು ಜಗದಾಂಬಾ ಬೆರಗಾಗಿ ನೋಡಿದರು. "ಹೌದ್ರೀ, ಅದೂ ಖರೇನ ಐತಿ," ಎಂದರು ನಿಧಾನವಾಗಿ. "ಈಗಾಕಿ ನಮ್ಮ ಮನಿತನದಾಕಿ. ನಮ್ಮೊಳಗ ಅಂಥಾದ್ದು ಇಲ್ಲ ಬಿಡ್ರಿ."

"ಅದೇ ಹೇಳಿದ್ದು ನಾನು!"

ಬಸವೇಶ್ವರನಗರದಲ್ಲೊಬ್ಬ, ಕೆಂಗೇರಿಯಲ್ಲೊಬ್ಬ, ಇಬ್ಬರು ಗಂಡಸರು ಫೋನಿನ ಎರಡು ತುದಿಯಲ್ಲಿ ಪರಸ್ಪರ ಸಂತೋಷಪಟ್ಟರು. ಮೂರು ಮಾತಿನಲ್ಲಿ ರೋಗವೊಂದನ್ನು ಗಡಿ ದಾಟದಂತೆ ನಿಲ್ಲಿಸಿದ್ದರು. ಇಷ್ಟು ವರ್ಷ ಭಾವನೊಬ್ಬನಿಗೇ ಎತ್ತಿಟ್ಟಿದ್ದ ತಿರಸ್ಕಾರವನ್ನು ಇನ್ನು ಹಂಚಬೇಕಾಗುತ್ತದೆ ಎಂದು ಜಗದಾಂಬಾಗೆ ಅನಿಸಿತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ರಕ್ಷಾ ಮಾತಾಡಿದಳು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾ ಮಾತಾಡಿದಳು.

"ಅಪ್ಪಾ, ನಾನಿಲ್ಲೇ ಇದೀನಿ, ಕೇಳಿಸ್ಕೊಳ್ತಾ ಇದೀನಿ. ಮಾವ, ನೀವೂ ಕೇಳಿ. ನೀವಿಬ್ರೂ ಕೂತು... ನನ್ನ ಹೃದಯ ಯಾರ ಹೆಸರಿಗೆ ಖಾತೆ ಆಗಿದೆ ಅಂತ ತೀರ್ಮಾನ ಮಾಡ್ತಾ ಇರಿ. ಅಷ್ಟರಲ್ಲಿ ನಾನು ಆಸ್ಪತ್ರೆಗೆ ಹೋಗಿಬರ್ತೀನಿ. ಚಿಕ್ಕಮ್ಮ, ಆಟೊ ಕರೀರಿ."

"ಈಗ ಹೆಂಗ ಹೋಗ್ತೀಯವ್ವ? ಗಿರಿರಾಜ ಬರಲಿ..." ಎಂದು ದುಂಡಪ್ಪನವರು ಶುರುಮಾಡಿದರು. ಅವರ ಮಾತು ಮುಗಿಯುವ ಮೊದಲೇ ಅತ್ತೆ ಒಳಗಿನಿಂದ ಹೊರಬಂದರು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್, ಒಂದು ಟವೆಲ್, ಸೊಸೆಯ ತಾಯಿ ಕಾರ್ಡು. ಗಂಡನಿಗೆ ಏನೂ ಹೇಳಲಿಲ್ಲ. ಬಾಗಿಲ ಬಳಿ ಕೂತು ಸೊಸೆಯ ಕಾಲಿನ ಚಪ್ಪಲಿ ಬಿಡಿಸಿದರು, ತಮ್ಮ ಸಡಿಲ ಚಪ್ಪಲಿಯನ್ನು ತೊಡಿಸಿದರು. "ನಾನೂ ಬರ್ತೀನ್ರಿ," ಎಂದರು ಜಗದಾಂಬಾರಿಗೆ.

ಆಟೊದವನು ಹೊಟ್ಟೆ ನೋಡಿದವನೇ ಹಂಪ್ ಬಂದಾಗಲೆಲ್ಲ ಗಾಡಿಯನ್ನು ನಿಲ್ಲಿಸಿದಂತೆ ಮಾಡಿ ಮೆಲ್ಲಗೆ ದಾಟಿಸಿದ.

ಎಕೋ ಕೋಣೆಯಲ್ಲಿ ಪರದೆಯ ಮೇಲೆ ರಕ್ಷಾಳ ಹೃದಯ ಕಂಡಿತು. ಜಗದಾಂಬಾ ಬದುಕಿಡೀ ಹೃದಯದ ಚಿತ್ರ ಬರೆದವರು. ಬಣ್ಣದ ಸೀಮೆಸುಣ್ಣದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ನೀಲಿ. ಆದರೆ ತಾವು ಎತ್ತಿ ಆಡಿಸಿದ ಮಗುವಿನ ಹೃದಯ ಹೀಗೆ ಮುದುರಲಾರದೆ ಮುದುರುವುದನ್ನು ನೋಡುವುದು ಬೇರೆ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರ್ ಕುಸುಮಾ ಬಂದು ನೋಡಿ, ಅವತ್ತೇ ದಾಖಲಾಗಬೇಕು ಎಂದರು. "ಇನ್ನೊಂದೆರಡು ವಾರ ಮನೇಲೇ ಇದ್ದಿದ್ರೆ ನಮ್ಮ ಕೈಲೂ ಕಷ್ಟ ಆಗ್ತಿತ್ತು. ಈಗ ದಾರಿ ಇದೆ," ಎಂದರು. ಅತ್ತೆ ಗೋಡೆ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕುಬುಸ ಆಸ್ಪತ್ರೆಯಲ್ಲೇ ಆಯಿತು. ನರ್ಸ್ ಒಬ್ಬಳು ಸೂಜಿಯಿಲ್ಲದ ಕೈಗೆ ಮಾತ್ರ ಬಳೆ ತೊಡಿಸಲು ಬಿಟ್ಟಳು. ಮಗುವಿಗೆ ತೊಂದರೆಯಾಗದ ಔಷಧಿ, ನೀರು ಇಳಿಸುವ ಔಷಧಿ, ದಿನಾ ತೂಕ. ದಿಂಬುಗಳು ಒಂದೊಂದಾಗಿ ಕಡಿಮೆಯಾದವು. ಅಷ್ಟರಲ್ಲಿ ಅವಳ ಜೀನ್ ಪರೀಕ್ಷೆಯೂ ಬಂತು: ಅಣ್ಣನದೇ ದೋಷ. ದಿನ ತುಂಬುವ ಸ್ವಲ್ಪ ಮುಂಚೆ, ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಇಬ್ಬರೂ ನಿಂತು ಹೆರಿಗೆ ಮಾಡಿಸಿದರು. ಹೆಣ್ಣುಮಗು. ಸಣ್ಣದು, ಆದರೆ ವಾರ್ಡಿಗೆಲ್ಲ ಕೇಳುವಂತೆ ಅಳುವುದು.

ಅಲ್ಲಿಯವರೆಗೂ ರೇವಣಸಿದ್ದಪ್ಪನವರು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಮೊಮ್ಮಗಳು ಹುಟ್ಟಿದ ನಾಲ್ಕನೆಯ ದಿನ ಮಧ್ಯಾಹ್ನ, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನು ಮುಂದಿಟ್ಟುಕೊಂಡು ಬಂದರು. ಜಗದಾಂಬಾ ಕಿಟಕಿಯ ಬಳಿ ಕೂತಿದ್ದರು. ಅವರನ್ನು ನೋಡದವರಂತೆ ದಾಟಿ ಭಾವ ತೊಟ್ಟಿಲಿಗೆ ಬಾಗಿದರು. ಬಾಗಿದವರ ಮುಖ ಹಿಗ್ಗಿತು.

"ನೋಡ್ರೋ! ನೋಡೇ ದಾಕ್ಷಾಯಣಿ, ಮೂಗು ನೋಡು! ನಮ್ಮಪ್ಪನ ಮೂಗು! ತುದೀಲಿ ಆ ಗುಂಡಿ ಇದೆಯಲ್ಲ, ಅದೇ. ನಮ್ಮ ವಂಶದ ಮೂಗು ಹೇಳ್ದೇ ಕೇಳ್ದೇ ಬಂದುಬಿಟ್ಟಿದೆ!"

ತಾವೇನು ಹೇಳಿದೆವೆಂದು ಹೇಳಿದವರಿಗೆ ತಿಳಿದಿರಲಿಲ್ಲ.

"ಕೆಂಗೇರಿಗೆ ಹೇಗೆ ಬಂತು ಅಪ್ಪಾ ಅದು?" ಎಂದಳು ರಕ್ಷಾ.

"ಯಾವುದು?"

"ಮೂಗು."

ರೇವಣಸಿದ್ದಪ್ಪನವರು ನೆಟ್ಟಗಾದರು. ರಕ್ಷಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ಡಾಕ್ಟರು ನಿಮ್ಮ ರಕ್ತಾನೂ ಬೇಕು ಅಂದಿದಾರೆ. ನಿಮ್ಮಲ್ಲಿ ಇದೆಯೋ ಇಲ್ವೋ ಗೊತ್ತಾದ್ರೆ ಚಿಕ್ಕಪ್ಪಂದಿರ ಮಕ್ಕಳಿಗೂ ಎಚ್ಚರಿಕೆ ಹೇಳಬಹುದು. ಕೊನೇ ಚಿಕ್ಕಪ್ಪನ ಹೆಣ್ಣುಮಕ್ಕಳಿಬ್ರಿಗೂ ಮದುವೆ ಗೊತ್ತಾಗ್ತಿದೆಯಲ್ಲ. ಕೆಳಗಡೆ ಲ್ಯಾಬ್ ಇದೆ. ಒಂದು ಚಿಟಿಕೆ ಹೊಡೆಯೋಷ್ಟರಲ್ಲಿ ಆಗುತ್ತೆ."

"ಕೊಡಿ ರೀ," ಎಂದರು ದಾಕ್ಷಾಯಣಿ. ಅಷ್ಟು ಸ್ಪಷ್ಟವಾಗಿ ಅವರು ಗಂಡನಿಗೆ ಏನನ್ನಾದರೂ ಹೇಳಿದ್ದನ್ನು ಜಗದಾಂಬಾ ಕೇಳಿರಲಿಲ್ಲ.

ರೇವಣಸಿದ್ದಪ್ಪನವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ತಟ್ಟನೆ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡರು. "ಹಲೋ? ಹಾ, ಹೇಳಿ, ಹೇಳಿ. ಸಭೆ ವಿಷಯಾನಾ? ಒಂದ್ನಿಮಿಷ, ಇಲ್ಲಿ ಸಿಗ್ನಲ್ ಇಲ್ಲ..." ಎಂದು ಬಾಗಿಲು ದಾಟಿದರು. ಗಾಜಿನ ಆಚೆ ಕಾರಿಡಾರಿನಲ್ಲಿ ನಿಂತು ಕೈ ಬೀಸಿ ಬೀಸಿ ಮಾತಾಡಿದರು. ಫೋನ್ ಬಡಿದದ್ದನ್ನು ಯಾರೂ ಕೇಳಿರಲಿಲ್ಲ.

ಜಗದಾಂಬಾ ಮೆಲ್ಲನೆ ತಮ್ಮ ಚೀಲ ತೆರೆದರು. ಫೋನ್ ತೆಗೆದರು, ಕನ್ನಡಕ ಸರಿಮಾಡಿಕೊಂಡರು, ಭಾವನ ಹೆಸರು ಹುಡುಕಿ ಒತ್ತಿದರು.

ಕಾರಿಡಾರಿನಲ್ಲಿ, ಸಭೆಯ ಬಗ್ಗೆ ಏನನ್ನೋ ಖಡಾಖಂಡಿತವಾಗಿ ಹೇಳುತ್ತಿದ್ದ ರೇವಣಸಿದ್ದಪ್ಪನವರ ಕಿವಿಯಲ್ಲೇ ಅವರ ಫೋನ್ ಇಡೀ ಮಹಡಿಗೆ ಕೇಳುವಂತೆ ಟ್ರಿಣ್ ಟ್ರಿಣ್ ಎಂದು ಬಡಿಯಿತು. ಅವರು ಬೆಚ್ಚಿ ಅದನ್ನು ಕಿವಿಯಿಂದ ಕಿತ್ತರು. ತೆರೆಯ ಮೇಲಿನ ಹೆಸರು ನೋಡಿದರು. ಗಾಜಿನ ಮೂಲಕ ಒಳಗೆ ನೋಡಿದರು. ಆಮೇಲೆ ಲಿಫ್ಟಿಗೂ ಕಾಯದೆ ಮೆಟ್ಟಿಲ ಕಡೆ ನಡೆದರು. ಲ್ಯಾಬಿನ ಕಡೆಗೋ ಗೇಟಿನ ಕಡೆಗೋ ಗೊತ್ತಾಗಲಿಲ್ಲ. ನೋಡಲು ಯಾರೂ ಏಳಲೂ ಇಲ್ಲ.

ಮೊದಲು ನಕ್ಕದ್ದು ಅತ್ತೆ, ಸೆರಗು ಬಾಯಿಗಿಟ್ಟುಕೊಂಡು. ಆಮೇಲೆ ರಕ್ಷಾ. ಅವಳು ನಗುವುದನ್ನು ಕೇಳಿ ಜಗದಾಂಬಾರ ಕೈ ತಾನಾಗಿ ಮಂಚದ ಕಂಬಿ ಹಿಡಿಯಿತು. ಎರಡು ತಿಂಗಳಿಂದ ಅವಳ ಪ್ರತಿ ಮಾತಿನ ನಡುವೆಯೂ ಉಸಿರಿಗೆ ಕಾಯ್ದು ಅಭ್ಯಾಸವಾಗಿತ್ತು. ರಕ್ಷಾ ನಕ್ಕಳು, ಇನ್ನೂ ನಕ್ಕಳು, ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡಳು, ಮತ್ತೆ ಮೊದಲಿನಿಂದ ನಗತೊಡಗಿದಳು.